ಮೊರಾಂಡಿ ಸನ್ಯಾಸಿಯೆ?

ಕಲಾವಿದನೆಂದರೆ ಮನೆಬಿಟ್ಟು ಓಡಿದವನು ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಗೋಗ್ಯಾನ್ ಹೆಂಡತಿ ಮಕ್ಕಳನ್ನು ತೊರೆದು ತಾಹಿತಿ ದ್ವೀಪಕ್ಕೆ ಹೋದನು. ವ್ಯಾನ್ ಗೋ ಕಿವಿ ಕೊಯ್ದುಕೊಂಡನು. ಇಟಲಿಯ ಮೊದಿಲ್ಯಾನಿ 1906ರಲ್ಲಿ ಪ್ಯಾರಿಸ್ ಸೇರಿ, ಕುಡಿತದಿಂದಲೂ ಕ್ಷಯದಿಂದಲೂ ಜರ್ಜರಿತನಾಗಿ 1920ರಲ್ಲಿ ಮೂವತ್ತೈದನೆಯ ವಯಸ್ಸಿಗೇ ತೀರಿಕೊಂಡನು. ಇಂಥ ಕಥೆಗಳನ್ನು ನಾವು ಆಸೆಯಿಂದ ಓದುತ್ತೇವೆ. ಓದಿ ಪುಸ್ತಕ ಮುಚ್ಚಿದ ಮೇಲೆ ಮನಸ್ಸಿನಲ್ಲಿ ಒಂದು ಮಾತು ಉಳಿದುಬಿಡುತ್ತದೆ: ಮನೆಯ ಹೊಣೆ ಹೊತ್ತವನಿಗೆ, ತಿಂಗಳ ಸಂಬಳವನ್ನು ನೆಚ್ಚಿದವನಿಗೆ, ಹುಟ್ಟಿದ ಊರನ್ನು ಬಿಡಲಾರದವನಿಗೆ ಕಲೆಯ ಹೆಬ್ಬಾಗಿಲು ತೆರೆಯಲಾರದು. ಈ ಮಾತು ಸುಳ್ಳೆಂದು ನನ್ನ ವಾದ. ಅದಕ್ಕೆ ಸಾಕ್ಷಿಯಾಗಿ ಇಟಲಿಯವನೇ ಆದ ಇನ್ನೊಬ್ಬ ಚಿತ್ರಕಾರನನ್ನು ವಾಚಕರ ಮುಂದೆ ನಿಲ್ಲಿಸುತ್ತೇನೆ. ಆತ ಬೊಲೋನ್ಯಾ ನಗರದ ಜಾರ್ಜಿಯೊ ಮೊರಾಂಡಿ.

ಈ ಸಾಕ್ಷಿಯನ್ನು ಕರೆತರುವುದರಲ್ಲಿ ಒಂದು ತೊಡಕಿದೆ. ಮೊರಾಂಡಿಯ ಸುತ್ತಲೂ ಇನ್ನೊಂದು ಬಗೆಯ ಪುರಾಣ ಬೆಳೆದು ನಿಂತಿದೆ. ಮದುವೆಯಾಗದ ಮನುಷ್ಯ, ಒಂದೇ ಮನೆಯಲ್ಲಿ ಐವತ್ತು ವರ್ಷಗಳಿಗೂ ಮಿಕ್ಕಿ ಬಾಳಿದವನು, ಮಲಗುವ ಕೋಣೆಯಲ್ಲಿಯೇ ಚಿತ್ರ ಬರೆದವನು, ಬರೆದದ್ದೋ ಬಾಟಲಿ, ಹೂಜಿ, ಡಬ್ಬಿ, ಬಟ್ಟಲು. ಇಷ್ಟು ಸಾಕಾಯಿತು, ವಿಮರ್ಶಕರು ಆತನಿಗೆ ಕಾವಿ ಉಡಿಸಿಬಿಟ್ಟರು. ಮೊರಾಂಡಿ ಸನ್ಯಾಸಿ, ಮೊರಾಂಡಿ ಋಷಿ, ಲೋಕದ ಗೊಡವೆ ಬೇಡವೆಂದು ಗುಹೆ ಸೇರಿದವನು ಎಂದು ಮುಂತಾಗಿ ಬರೆಯುವುದು ರೂಢಿಯಾಗಿದೆ. ಓಡಿಹೋದವನ ಪುರಾಣಕ್ಕೂ ಗುಹೆ ಸೇರಿದವನ ಪುರಾಣಕ್ಕೂ ನನ್ನ ದೃಷ್ಟಿಯಲ್ಲಿ ಹೆಚ್ಚಿನ ಅಂತರವಿಲ್ಲ. ಎರಡರಲ್ಲಿಯೂ ಕಲಾವಿದನು ಸಂಸಾರಿಗಳ ಪಂಕ್ತಿಯಿಂದ ಎದ್ದುಹೋಗುತ್ತಾನೆ. ಮೊರಾಂಡಿಯಾದರೋ ಕೊನೆಯವರೆಗೂ ಆ ಪಂಕ್ತಿಯಲ್ಲಿಯೇ ಕುಳಿತಿದ್ದನು.

ಆತನು ಹುಟ್ಟಿದ್ದು 1890ನೆಯ ಇಸವಿ ಜುಲೈ 20ರಂದು. ತಂದೆಗೆ ರಫ್ತಿನ ವ್ಯಾಪಾರ. ಹಿರಿಯ ಮಗನಾದ ಜಾರ್ಜಿಯೊ ಹದಿನಾರನೆಯ ವಯಸ್ಸಿನಲ್ಲಿ ತಂದೆಯ ಆಫೀಸಿನಲ್ಲಿ ಕೆಲಸಕ್ಕೆ ಕುಳಿತನು. ವ್ಯಾಪಾರ ಕೈಗೆ ಹತ್ತಲಿಲ್ಲ. ಮಗನ ಒಲವನ್ನು ಕಂಡು 1907ರಲ್ಲಿ ಆತನನ್ನು ಬೊಲೋನ್ಯಾದ ಲಲಿತಕಲಾ ಅಕಾಡೆಮಿಗೆ ಸೇರಿಸಿದರು. ಎರಡು ವರ್ಷ ಕಳೆಯುವಷ್ಟರಲ್ಲಿ, 1909ರಲ್ಲಿ, ತಂದೆ ತೀರಿಕೊಂಡನು. ಹತ್ತೊಂಬತ್ತು ವರ್ಷದ ವಿದ್ಯಾರ್ಥಿ, ವಿಧವೆಯಾದ ತಾಯಿ, ಆನ್ನಾ, ದೀನಾ, ಮರಿಯಾ ತೆರೇಸಾ ಎಂಬ ಮೂವರು ತಂಗಿಯರು. ಮರುವರ್ಷ ಈ ಸಂಸಾರ ಫೊಂಡಾಜ್ಜಾ ಬೀದಿಗೆ ಬಂದು ನೆಲೆಸಿತು. ಮೊರಾಂಡಿ ಸಾಯುವವರೆಗೂ ಆ ಬೀದಿಯ ಮನೆಯನ್ನು ಬಿಡಲಿಲ್ಲ. ಅಣ್ಣನೂ ಮದುವೆಯಾಗಲಿಲ್ಲ, ತಂಗಿಯರೂ ಆಗಲಿಲ್ಲ. ಆತನ ಕೋಣೆಗೆ ಹೋಗಬೇಕಾದರೆ ತಂಗಿಯರ ಕೋಣೆಯನ್ನು ಹಾದೇ ಹೋಗಬೇಕಾಗಿತ್ತು. ಇದಾವ ಗುಹೆಯೋ ನನಗೆ ತಿಳಿಯದು. ಸಣ್ಣ ಮನೆಯಲ್ಲಿ ದೊಡ್ಡ ಸಂಸಾರ ಬಾಳುವ ರೀತಿ ಬಲ್ಲವರಿಗೆ ಇದು ಬಲು ಪರಿಚಿತವಾದ ವ್ಯವಸ್ಥೆ.

1914ರಲ್ಲಿ ಆತನಿಗೆ ಬೊಲೋನ್ಯಾದ ಪ್ರಾಥಮಿಕ ಶಾಲೆಗಳಲ್ಲಿ ಚಿತ್ರಕಲಾ ಉಪಾಧ್ಯಾಯನ ಕೆಲಸ ದೊರೆಯಿತು. 1929ರವರೆಗೆ, ಎಂದರೆ ಹದಿನೈದು ವರ್ಷ, ಸಣ್ಣ ಮಕ್ಕಳಿಗೆ ಗೆರೆ ಎಳೆಯುವುದನ್ನು ಕಲಿಸುತ್ತ ಆತನು ಸಂಬಳ ತಂದು ಮನೆಗೆ ಕೊಟ್ಟನು. ಮೊರಾಂಡಿಯನ್ನು ಕುರಿತ ಗ್ರಂಥಗಳು ಈ ಹದಿನೈದು ವರ್ಷಗಳನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತವೆ. ನನ್ನ ಕಣ್ಣು ನಿಲ್ಲುವುದು ಅಲ್ಲಿಯೇ. ಮನೆತನದಲ್ಲಿ ಮೊತ್ತಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರಿಗೆ ಡಿಗ್ರಿಯ ಮುಂದೆ ನಿಂತಿರುವ ಪ್ರಶ್ನೆ ನೌಕರಿಯದು. ಓದಿದ ಕಾವ್ಯ, ನೋಡಿದ ಚಿತ್ರ, ಮನಸ್ಸಿನಲ್ಲಿ ಮೊಳೆತ ಬಯಕೆ ಇವೆಲ್ಲ ಆ ಪ್ರಶ್ನೆಯ ಹಿಂದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಮೊರಾಂಡಿಗೂ ಹಾಗೆಯೇ ಇದ್ದಿರಬೇಕು. ವ್ಯತ್ಯಾಸವಿಷ್ಟೆ: ಆತನು ಹಿಂದೆ ನಿಂತದ್ದನ್ನು ನಿಂತಲ್ಲಿಯೇ ಬಿಡಲಿಲ್ಲ. ಶಾಲೆಯ ಗಂಟೆ ಬಾರಿಸಿದ ಮೇಲೆ ಮನೆಗೆ ಬಂದು ಚಿತ್ರ ಬರೆದನು. ಮನಸ್ಸಿಗೆ ಒಪ್ಪದ ಎಷ್ಟೋ ಎಳೆಯ ಕೃತಿಗಳನ್ನು ತಾನೇ ನಾಶಮಾಡಿದನು. 1915ರಲ್ಲಿ ಸೈನ್ಯಕ್ಕೆ ಕರೆ ಬಂದಿತು. ಹೋದವನು ಕಾಯಿಲೆ ಬಿದ್ದು ಸ್ವಲ್ಪ ಕಾಲದಲ್ಲಿಯೇ ಬಿಡುಗಡೆಯಾಗಿ ಮನೆಗೆ ಮರಳಿದನು.

ಹಾಗಾದರೆ ಕಲಿತದ್ದು ಯಾರಿಂದ? ಪ್ಯಾರಿಸನ್ನು ಆತನು ಕಾಣಲೇ ಇಲ್ಲ. ಆ ಕಾಲದ ಯುವಕ ಚಿತ್ರಕಾರರಿಗೆಲ್ಲ ಗುರುವಾಗಿದ್ದ ಸೆಜಾನನನ್ನು ಮೊರಾಂಡಿ ಮೊದಲು ಅರಿತದ್ದು ಪುಸ್ತಕದಲ್ಲಿ ಅಚ್ಚಾದ ಕಪ್ಪು-ಬಿಳುಪು ಪ್ರತಿಗಳ ಮೂಲಕ. ಬಣ್ಣದ ಮಹಾಶಿಲ್ಪಿಯೊಬ್ಬನನ್ನು ಬಣ್ಣವಿಲ್ಲದೆ ಕಲಿತ ಶಿಷ್ಯ! ಮೂಲಚಿತ್ರಗಳನ್ನು ನೋಡುವ ಅದೃಷ್ಟವಿಲ್ಲದೆ, ಪುಸ್ತಕದ ಹಾಳೆಯ ಮೇಲೂ ಮೊಬೈಲಿನ ಗಾಜಿನ ಮೇಲೂ ಮೊರಾಂಡಿಯನ್ನು ನೋಡಬೇಕಾದ ನನಗೆ ಇದರಿಂದ ತುಸು ಧೈರ್ಯ ಬಂದಿದೆ ಎಂದು ಒಪ್ಪಿಕೊಳ್ಳುತ್ತೇನೆ. ಉಳಿದ ಗುರುಗಳು ರೈಲಿನ ದೂರದಲ್ಲಿಯೇ ಇದ್ದರು. ಫ್ಲಾರೆನ್ಸಿಗೆ ಹೋಗಿ ಜೊತ್ತೊ, ಮಸಾಚ್ಚೊ, ಪಾವ್ಲೊ ಉಚ್ಚೆಲ್ಲೊ ಇವರ ಭಿತ್ತಿಚಿತ್ರಗಳನ್ನೂ ಪಟಗಳನ್ನೂ ನೋಡಿದನು. ವೆನಿಸ್ಸಿನ ಪ್ರದರ್ಶನಗಳಿಗೆ ಹೋದನು. 1914ರಲ್ಲಿ ಭವಿಷ್ಯವಾದಿಗಳ ಜೊತೆ ರೋಮಿನಲ್ಲಿ ಚಿತ್ರಗಳನ್ನು ಪ್ರದರ್ಶಿಸಿದನು. ಯಂತ್ರವೇಗವನ್ನು ಹಾಡಿಹೊಗಳುತ್ತಿದ್ದ ಆ ಗುಂಪಿಗೂ ಈತನ ಬಾಟಲಿಗಳಿಗೂ ಎಲ್ಲಿಯ ನಂಟು ಎಂದು ಇಂದು ನಗು ಬರುತ್ತದೆ. 1918ರ ಸುಮಾರಿಗೆ ಕಾರ್ರಾ ಮತ್ತು ದೆ ಕೀರಿಕೊ ಇವರ ‘ಮೆಟಫಿಸಿಕಲ್’ ಚಿತ್ರಗಳ ಪ್ರಭಾವಕ್ಕೆ ಒಳಗಾಗಿ ಗೊಂಬೆಯ ತಲೆ, ಚೆಂಡು, ಪೆಟ್ಟಿಗೆಗಳನ್ನು ಸ್ವಪ್ನದಲ್ಲಿ ಕಂಡವನಂತೆ ಬರೆದನು. ಎರಡು ವರ್ಷ ಕಳೆಯುವುದರೊಳಗೆ ಅದನ್ನೂ ಬಿಟ್ಟನು. ಪಂಥಗಳೆಲ್ಲ ಬಂದು ಬಾಗಿಲು ತಟ್ಟಿದವು. ಆತನು ಎದ್ದು ಬಾಗಿಲು ತೆರೆದನು, ಕೂರಿಸಿ ಮಾತಾಡಿಸಿದನು, ಕಳುಹಿಸಿಕೊಟ್ಟನು.

ಆಮೇಲೆ ನಲವತ್ತು ವರ್ಷಕ್ಕೂ ಮೇಲೆ ನಡೆದದ್ದು ಮೇಜಿನ ಮೇಲಿನ ಕೆಲಸ. ಇಂಗ್ಲಿಷರು ಸ್ಟಿಲ್ ಲೈಫ್ ಎನ್ನುವ ಚಿತ್ರಕ್ಕೆ ಇಟಲಿಯವರು ‘ನಾತೂರಾ ಮೋರ್ತಾ’ ಎನ್ನುತ್ತಾರೆ, ಎಂದರೆ ಸತ್ತ ಪ್ರಕೃತಿ. ಮೊರಾಂಡಿ ಬರೆದ ಸುಮಾರು 1,350 ತೈಲಚಿತ್ರಗಳಲ್ಲಿ ಬಹುಪಾಲು ಈ ಜಾತಿಯವು. ಉದ್ದ ಕತ್ತಿನ ಬಿಳಿಯ ಬಾಟಲಿ, ಎಣ್ಣೆಯ ದೀಪ, ತಗಡಿನ ಡಬ್ಬಿ, ಲಾಳಿಕೆ, ಹಾಲಿನ ಬಟ್ಟಲು. ಹೂವಾದರೆ ಎಷ್ಟೋ ಸಲ ಕಾಗದದ್ದೋ ರೇಷ್ಮೆಯದೋ. ಬಾಟಲಿಗಳ ಹೊಳಪು ಆತನಿಗೆ ಬೇಡವಾಗಿತ್ತು. ಕೆಲವಕ್ಕೆ ಒಳಗೆ ಬಣ್ಣ ಹೊಯ್ದು ಪಾರದರ್ಶಕತೆಯನ್ನು ಕಳೆದನು. ಕೆಲವಕ್ಕೆ ಹೊರಗೆ ಮಬ್ಬಾದ ಬಣ್ಣ ಬಳಿದನು. ಮೇಲೆ ಕೂಡುವ ಧೂಳನ್ನು ಒರೆಸಗೊಡಲಿಲ್ಲ. ಮೇಜಿನ ಮೇಲೆ ಕಾಗದ ಹಾಸಿ, ಪ್ರತಿಯೊಂದು ಸಾಮಾನು ನಿಂತ ಜಾಗವನ್ನು ಪೆನ್ಸಿಲಿನಿಂದ ಗುರುತು ಮಾಡಿಡುತ್ತಿದ್ದನು. ಬಟ್ಟಲನ್ನು ಒಂದು ಬೆರಳಗಲ ಎಡಕ್ಕೆ ಸರಿಸುವುದಕ್ಕೆ ಆತನಿಗೆ ಎಷ್ಟೋ ದಿನಗಳ ಯೋಚನೆ ಬೇಕಾಗುತ್ತಿತ್ತು.

ಇಷ್ಟು ಶ್ರಮ ಏತಕ್ಕೆ ಎಂದು ಕೇಳುವವರಿಗೆ ಚಿತ್ರಗಳೇ ಉತ್ತರ ಹೇಳಬೇಕು. 1952ರಲ್ಲಿ ಬರೆದ ಕೆಲವು ಚಿತ್ರಗಳಲ್ಲಿ ಸಾಮಾನುಗಳ ನಡುವೆ ಒಂದು ಹಳದಿ ಬಟ್ಟೆ ಬರುತ್ತದೆ. ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಮೊದಲು ಎಲ್ಲವೂ ಒಂದೇ ಎನ್ನಿಸುತ್ತದೆ. ಇನ್ನಷ್ಟು ಹೊತ್ತು ನೋಡಿರಿ. ಒಂದರಲ್ಲಿ ಡಬ್ಬಿಯ ಅಂಚೂ ಬಾಟಲಿಯ ಅಂಚೂ ತಾಗಿ ಯಾವುದು ಮುಂದೆ, ಯಾವುದು ಹಿಂದೆ ಎಂದು ತಿಳಿಯದಂತಾಗುತ್ತದೆ. ಇನ್ನೊಂದರಲ್ಲಿ ಎರಡು ವಸ್ತುಗಳ ನಡುವಣ ಬರಿಯ ಜಾಗವೇ ಮೂರನೆಯ ವಸ್ತುವಿನಂತೆ ಗಟ್ಟಿಯಾಗಿ ನಿಲ್ಲುತ್ತದೆ. ನಾವು ಕಣ್ಣಿನಿಂದ ನಿಜವಾಗಿ ಕಾಣುವುದಕ್ಕಿಂತ ಹೆಚ್ಚು ಅಮೂರ್ತವಾದದ್ದು ಬೇರೆ ಇಲ್ಲವೆಂಬ ಅರ್ಥದ ಮಾತನ್ನು ಮೊರಾಂಡಿ ಮುಪ್ಪಿನಲ್ಲಿ ಹೇಳಿದ್ದುಂಟು. ಈ ಚಿತ್ರಗಳನ್ನು ನೋಡಿದ ಮೇಲೆ ಆ ಮಾತು ಒಗಟೆನ್ನಿಸುವುದಿಲ್ಲ. ಬರೆದದ್ದನ್ನೇ ಬರೆದನೆಂದು ಮೂಗು ಮುರಿಯುವವರೂ ಇದ್ದಾರೆ. ಒಂದೇ ರಾಗವನ್ನು ಆಯುಷ್ಯವೆಲ್ಲ ಹಾಡಿದ ಗವಾಯಿಯನ್ನು ಕುರಿತು ಅವರು ಹಾಗೆ ಹೇಳುವರೆ?

ಎಚಿಂಗಿನ ವಿಷಯದಲ್ಲಿ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು, ಏಕೆಂದರೆ ಸನ್ಯಾಸಿಯ ಪುರಾಣ ಮುರಿದುಬೀಳುವುದು ಇಲ್ಲಿ. ಲೋಹದ ತಗಡಿಗೆ ಮೇಣದಂಥ ಲೇಪ ಕೊಟ್ಟು, ಸೂಜಿಯಿಂದ ಗೆರೆ ಎಳೆದು, ತಗಡನ್ನು ಆಮ್ಲದಲ್ಲಿ ಅದ್ದುತ್ತಾರೆ. ಗೆರೆ ಬಿದ್ದಲ್ಲಿ ಆಮ್ಲವು ಲೋಹವನ್ನು ತಿನ್ನುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಗೆರೆ ಆಳವಾಗಿ ಕಪ್ಪಾಗುತ್ತದೆ, ಬೇಗ ತೆಗೆದರೆ ತೆಳುವಾಗುತ್ತದೆ. ಆಮೇಲೆ ಮಸಿ ತುಂಬಿ, ಒರೆಸಿ, ಕಾಗದವಿಟ್ಟು ಯಂತ್ರದಲ್ಲಿ ಒತ್ತಬೇಕು. ಇದು ಕಮ್ಮಾರನಿಗೂ ರಸಾಯನಶಾಸ್ತ್ರಿಗೂ ಒಪ್ಪುವ ಕಸುಬು. ಧ್ಯಾನಕ್ಕೆ ಕುಳಿತವನ ಕೈಲಾಗುವುದಲ್ಲ. ಮೊರಾಂಡಿ ಇದನ್ನು ಹಳೆಯ ಕೈಪಿಡಿಗಳಿಂದಲೂ ರೆಂಬ್ರಾಂಟನ ಮುದ್ರಣಗಳನ್ನು ನೋಡಿಯೂ ತಾನೇ ಕಲಿತನು. ಆತನ 133 ಎಚಿಂಗುಗಳಲ್ಲಿ ಹೊರರೇಖೆ ಎಂಬುದು ಬಹುಮಟ್ಟಿಗೆ ಇಲ್ಲ. ಅಡ್ಡಡ್ಡಲಾಗಿ ಹಾಯುವ ಸಣ್ಣ ಗೆರೆಗಳ ಬಲೆ ಒಂದೆಡೆ ದಟ್ಟವಾಗಿ ಒಂದೆಡೆ ವಿರಳವಾಗಿ ಬೀಳುತ್ತದೆ. ಆ ಬಲೆಯೊಳಗಿಂದ ಬಾಟಲಿಯೊಂದು ಎದ್ದುಬರುತ್ತದೆ. ಈ ಕಸುಬಿನ ಬಲದಿಂದಲೇ 1930ರಲ್ಲಿ ತಾನು ಓದಿದ ಅಕಾಡೆಮಿಯಲ್ಲಿ ಎಚಿಂಗಿನ ಪ್ರಾಧ್ಯಾಪಕ ಪದವಿ, ಸ್ಪರ್ಧಾಪರೀಕ್ಷೆಯ ಗೊಡವೆಯಿಲ್ಲದೆ, ಆತನಿಗೆ ಬಂದಿತು. 1956ರವರೆಗೂ ಅಲ್ಲಿ ಪಾಠ ಹೇಳಿದನು. ಎಳೆಯರ ಶಾಲೆಯ ಹದಿನೈದೂ ಅಕಾಡೆಮಿಯ ಇಪ್ಪತ್ತಾರೂ ಸೇರಿದರೆ ನಲವತ್ತೊಂದು ವರ್ಷಗಳ ಉಪಾಧ್ಯಾಯ ವೃತ್ತಿ! ಹಾಜರಿಪುಸ್ತಕಕ್ಕೆ ಇಷ್ಟು ಕಾಲ ಸಹಿ ಹಾಕಿದ ಋಷಿಯನ್ನು ನಾನು ಕೇಳಿಲ್ಲ.

ಸನ್ಯಾಸಿಯ ಪುರಾಣದಿಂದ ಇನ್ನೊಂದು ಕೇಡಿದೆ. ಋಷಿಯೆಂದು ಕರೆದ ಮೇಲೆ ಆತನ ರಾಜಕೀಯವನ್ನು ಕೇಳುವಂತಿಲ್ಲ. ಕೇಳಲೇಬೇಕು. 1928ರಲ್ಲಿ ಬೊಲೋನ್ಯಾದ ಫಾಸಿಸ್ಟ್ ಪತ್ರಿಕೆಯಾದ ‘ಲಾಸ್ಸಾಲ್ತೊ’ದಲ್ಲಿ ಮೊರಾಂಡಿ ತನ್ನ ಸಂಕ್ಷಿಪ್ತ ಆತ್ಮಕಥನವನ್ನು ಪ್ರಕಟಿಸಿದನು. ಫಾಸಿಸಂ ತಲೆಯೆತ್ತಿದ ಮೊದಲಿನಿಂದಲೂ ತನಗೆ ಅದರಲ್ಲಿ ನಂಬಿಕೆಯಿತ್ತು ಎಂಬ ಭಾವದ ಮಾತು ಅದರಲ್ಲಿದೆ. ಆ ಕಾಲದ ಆತನ ಸ್ನೇಹಿತರಾದ ಮಕ್ಕಾರಿ, ಲೊಂಗನೇಸಿ ಮೊದಲಾದವರು ಮುಸೊಲಿನಿಯ ಪಕ್ಷದ ವಲಯದಲ್ಲಿಯೇ ಇದ್ದವರು. ಪ್ರಾಧ್ಯಾಪಕ ಪದವಿ ಬಂದದ್ದೂ, 1939ರ ರೋಮ್ ಪ್ರದರ್ಶನದಲ್ಲಿ ಆತನಿಗೆಂದೇ ಒಂದು ಕೋಣೆ ದೊರೆತದ್ದೂ ಅದೇ ಆಡಳಿತದಲ್ಲಿ. ಅಭಿಮಾನಿಗಳು ಈ ಸಂಗತಿಗಳನ್ನು ಬಹುಕಾಲ ಮಡಿಕೆಯೊಳಗೆ ಮುಚ್ಚಿಟ್ಟರು. ಮುಚ್ಚಿಟ್ಟದ್ದು ಸರಿಯಲ್ಲ. ಸಂಬಳದವನಿಗೆ ಸರಕಾರದ ಭಯವಿರುತ್ತದೆ, ನಿಜ. ಆದರೆ ಆ ಮಾತನ್ನು ಆತನ ಬಾಯಿಂದ ಭಯವೇ ಹೇಳಿಸಿತೆಂದು ಊಹಿಸಿ ಕ್ಷಮಿಸುವ ಅಧಿಕಾರ ನಮಗಿಲ್ಲ.

ಇದರ ಎದುರಿಗೆ ಇಡಬೇಕಾದ ಸಂಗತಿಗಳೂ ಇವೆ. ಮಾರಿಯೊ ಸಿರೋನಿಯಂಥ ಸಮರ್ಥ ಚಿತ್ರಕಾರನು 1935ರಲ್ಲಿ ರೋಮ್ ವಿಶ್ವವಿದ್ಯಾನಿಲಯದ ಗೋಡೆಯ ಮೇಲೆ ಆಡಳಿತದ ವೈಭವವನ್ನು ಬರೆದನು. ಮೊರಾಂಡಿಯ ಮೇಜಿನ ಮೇಲೆ ಹದ್ದೂ ಬರಲಿಲ್ಲ, ಕವಾಯತೂ ಬರಲಿಲ್ಲ. ಕಾಲ ಕಳೆದಂತೆ ಆತನ ಸ್ನೇಹವಲಯವೂ ಬದಲಾಯಿತು. ಕಲಾ ಇತಿಹಾಸಕಾರನಾದ ರೊಬೆರ್ತೊ ಲೊಂಗಿ 1934ರಲ್ಲಿ ಬೊಲೋನ್ಯಾ ವಿಶ್ವವಿದ್ಯಾನಿಲಯದಲ್ಲಿ ಮಾಡಿದ ತನ್ನ ಮೊದಲ ಉಪನ್ಯಾಸದಲ್ಲಿ ಇಟಲಿಯ ಜೀವಂತ ಚಿತ್ರಕಾರರಲ್ಲಿ ಶ್ರೇಷ್ಠರಾದವರ ಪೈಕಿ ಮೊರಾಂಡಿಯೊಬ್ಬನೆಂದು ಸಾರಿದ್ದನು. ಆ ವಲಯದಲ್ಲಿ ಫಾಸಿಸಂಗೆ ವಿರೋಧಿಗಳಾದ ರಗ್ಗಿಯಾಂತಿಯಂಥವರಿದ್ದರು. ಅವರ ಒಡನಾಟದ ಕಾರಣಕ್ಕೆ 1943ರ ಮೇ ತಿಂಗಳಲ್ಲಿ ಪೊಲೀಸರು ಮೊರಾಂಡಿಯನ್ನು ಬಂಧಿಸಿದರು. ಸುಮಾರು ಒಂದು ವಾರ ಸೆರೆಮನೆಯಲ್ಲಿದ್ದು, ಲೊಂಗಿ ಮತ್ತು ಮಕ್ಕಾರಿಯವರು ಮಧ್ಯೆ ಪ್ರವೇಶಿಸಿದ ಮೇಲೆ ಹೊರಬಂದನು. ಹದಿನೈದು ವರ್ಷಗಳ ಹಿಂದೆ ಆ ಪಕ್ಷದಲ್ಲಿ ನಂಬಿಕೆಯಿಟ್ಟ ಕೈಗೆ ಅದೇ ಪಕ್ಷದ ಕೋಳ ಬಿದ್ದಿತು.

ಅಲ್ಲಿಂದ ಆತನು ತಾಯಿ-ತಂಗಿಯರೊಡನೆ ಬೆಟ್ಟದ ಮೇಲಣ ಗ್ರಿಜ್ಜಾನಾ ಎಂಬ ಹಳ್ಳಿಗೆ ಹೋದನು. 1913ರಿಂದ ಬೇಸಗೆಯಲ್ಲಿ ಹೋಗಿಬರುತ್ತಿದ್ದ ಊರು ಅದು. ಒಂದು ವರ್ಷದ ಮೇಲೆ ಅಲ್ಲಿದ್ದು ರಸ್ತೆ, ಗಿಡ, ಬಿಳಿಯ ಗೋಡೆಗಳ ಮನೆಗಳನ್ನು ಬರೆದನು. ಈ ಚಿತ್ರಗಳಲ್ಲಿ ಮನುಷ್ಯರಿಲ್ಲ. ಕಿಟಕಿಗಳು ಕುರುಡಾಗಿವೆ. ಯುದ್ಧದ ರಂಗ ಸಮೀಪಿಸಿದಂತೆ 1944ರ ಬೇಸಗೆಯಲ್ಲಿ ಸಂಸಾರ ಬೊಲೋನ್ಯಾಕ್ಕೆ ಹಿಂದಿರುಗಿತು. ಅದೇ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಮತ್ತು ಅಕ್ಟೋಬರ್ ಮೊದಲಲ್ಲಿ ಜರ್ಮನ್ ಸೈನಿಕರು ಮೊಂತೆ ಸೋಲೆ ಬೆಟ್ಟದ ಸುತ್ತಣ ಹಳ್ಳಿಗಳಲ್ಲಿ, ಎಂದರೆ ಮಾರ್ಜಬೊತ್ತೊ, ಮೊಂಜೂನೊ, ಗ್ರಿಜ್ಜಾನಾ ಪ್ರದೇಶಗಳಲ್ಲಿ, ಸುಮಾರು 770 ಜನರನ್ನು ಕೊಂದರು; ಹೆಂಗಸರು, ಮಕ್ಕಳು, ಮುದುಕರೇ ಹೆಚ್ಚು. ಆ ಬೆಟ್ಟಗಳು ಹೀಗಾಗುವುದಕ್ಕೆ ಕೆಲವೇ ತಿಂಗಳ ಹಿಂದೆ ಮೊರಾಂಡಿ ಅವುಗಳನ್ನು ಬರೆದಿದ್ದನು. ಆತನ ಚಿತ್ರಗಳು ಯುದ್ಧವನ್ನು ಕುರಿತು ಏನನ್ನೂ ಹೇಳುವುದಿಲ್ಲ ಎಂಬ ಆಕ್ಷೇಪಣೆಯನ್ನು ನಾನು ತಳ್ಳಿಹಾಕಲಾರೆ. ಅವು ಹೇಳುವುದಿಲ್ಲ. ಆದರೂ ಆ ಜನವಿಲ್ಲದ ರಸ್ತೆಗಳನ್ನು ನೋಡುವಾಗ ಈ ಇಸವಿಗಳು ನನ್ನ ತಲೆಯಿಂದ ಹೋಗುವುದಿಲ್ಲ, ಹೋಗಬೇಕೆಂದೂ ನನಗನ್ನಿಸುವುದಿಲ್ಲ.

ಯುದ್ಧ ಮುಗಿದ ಮೇಲೆ ಕೀರ್ತಿ ಬಂದಿತು. 1948ರಲ್ಲಿ ವೆನಿಸ್ ಬಿಯನಾಲೆಯಲ್ಲಿ ಇಟಲಿಯ ಚಿತ್ರಕಾರನಿಗೆ ಮೀಸಲಾದ ಪ್ರಥಮ ಬಹುಮಾನ. 1953ರಲ್ಲಿ ಬ್ರೆಜಿಲಿನ ಸಾವೊ ಪಾವ್ಲೊದಲ್ಲಿ ಎಚಿಂಗಿಗೆ ಬಹುಮಾನ. 1957ರಲ್ಲಿ ಅಲ್ಲಿಯೇ ಚಿತ್ರಕಲೆಯ ಮಹಾಬಹುಮಾನ. ತಾಯಿ 1950ರಲ್ಲಿ ತೀರಿಕೊಂಡಿದ್ದಳು. ದೊಡ್ಡ ಬಹುಮಾನವನ್ನು ಆಕೆ ನೋಡಲಿಲ್ಲ. ಆತನು ಇಟಲಿಯ ಗಡಿ ದಾಟಿದ್ದು 1956ರಲ್ಲಿ, ಅರವತ್ತಾರನೆಯ ವಯಸ್ಸಿನಲ್ಲಿ, ಅದೂ ನೆರೆಯ ಸ್ವಿಟ್ಜರ್ಲೆಂಡಿಗೆ. 1960ರಲ್ಲಿ ತೆರೆಕಂಡ ಫೆಲ್ಲೀನಿಯ ‘ಲಾ ದೋಲ್ಚೆ ವೀತಾ’ ಚಲನಚಿತ್ರದಲ್ಲಿ ಸ್ಟೈನರ್ ಎಂಬ ಪಂಡಿತನ ಮನೆಯ ಗೋಡೆಯ ಮೇಲೆ ಮೊರಾಂಡಿಯ ಚಿತ್ರವಿದೆ. ಅತಿಥಿ ಅದನ್ನು ಮೆಚ್ಚುತ್ತಾನೆ, ಸ್ಟೈನರ್ ಸೊಗಸಾಗಿ ವಿವರಿಸುತ್ತಾನೆ. ಮುಂದೆ ಅದೇ ಸ್ಟೈನರ್ ತನ್ನ ಮಕ್ಕಳನ್ನು ಕೊಂದು ತಾನೂ ಸಾಯುತ್ತಾನೆ. ಗೋಡೆಯ ಮೇಲೆ ಶಾಂತಿಯನ್ನು ತೂಗುಹಾಕಿಕೊಂಡವರನ್ನು ಕುರಿತು ಫೆಲ್ಲೀನಿಗೆ ನನಗಿಂತ ಹೆಚ್ಚಿನ ಅನುಮಾನವಿದ್ದಂತೆ ತೋರುತ್ತದೆ.

ಕೊಳ್ಳುವವರು ಹೆಚ್ಚಾದಂತೆ ಚಿತ್ರಗಳು ದೊಡ್ಡವಾಗಲಿಲ್ಲ, ಮೇಜೂ ದೊಡ್ಡದಾಗಲಿಲ್ಲ. ಗ್ರಿಜ್ಜಾನಾದಲ್ಲಿ ಒಂದು ಸಾದಾ ಮನೆ ಕಟ್ಟಿಸಿದ್ದನ್ನು ಬಿಟ್ಟರೆ ಜೀವನಕ್ರಮವೂ ಹೆಚ್ಚು ಬದಲಾಗಲಿಲ್ಲ. ಲುಯೀಜಿ ಮಞಾನಿ ಎಂಬ ಶ್ರೀಮಂತ ರಸಿಕನು ಸಂಗೀತವಾದ್ಯಗಳ ಚಿತ್ರ ಬರೆದುಕೊಡಬೇಕೆಂದು ಕೇಳಿ ಬೆಲೆಬಾಳುವ ಪ್ರಾಚೀನ ವಾದ್ಯವೊಂದನ್ನು ತಂದುಕೊಟ್ಟ ಕಥೆ ಪ್ರಸಿದ್ಧವಾಗಿದೆ. ಮೊರಾಂಡಿ ಅದನ್ನು ಬದಿಗಿಟ್ಟು, ಹಳೆಯ ಸಾಮಾನಿನ ಸಂತೆಯಲ್ಲಿ ದೊರೆಯುವಂಥ ಆಟಿಕೆಯ ತುತ್ತೂರಿ, ಮಂಡೋಲಿನ್, ಗಿಟಾರುಗಳನ್ನು ಬರೆದು ಕೊಟ್ಟನು. 1941ರ ಆ ಚಿತ್ರ ಮಞಾನಿಯ ಸಂಗ್ರಹದಲ್ಲಿ ಉಳಿಯಿತು. ಇದನ್ನು ವೈರಾಗ್ಯವೆನ್ನುವವರು ಎನ್ನಲಿ. ತನ್ನ ಕೈಗೆ ಯಾವ ಹತಾರ, ಯಾವ ಸರಕು ಒಗ್ಗುತ್ತದೆ ಎಂದು ತಿಳಿದ ಕಸುಬುದಾರನ ಹಟ ಇದರಲ್ಲಿ ನನಗೆ ಕಾಣುತ್ತದೆ.

ಮೊರಾಂಡಿ 1964ನೆಯ ಇಸವಿ ಜೂನ್ 18ರಂದು ಫೊಂಡಾಜ್ಜಾ ಬೀದಿಯ ಅದೇ ಮನೆಯಲ್ಲಿ ತೀರಿಕೊಂಡನು. ಕೊನೆಯ ತಂಗಿ ಮರಿಯಾ ತೆರೇಸಾ ತನ್ನಲ್ಲಿ ಉಳಿದಿದ್ದ ಕೃತಿಗಳನ್ನು ನಗರಕ್ಕೆ ದಾನವಾಗಿ ಕೊಟ್ಟಳು. ಅದರಿಂದ 1993ರಲ್ಲಿ ಬೊಲೋನ್ಯಾದಲ್ಲಿ ಮೊರಾಂಡಿ ಮ್ಯೂಸಿಯಂ ತೆರೆಯಿತು. 2009ರಲ್ಲಿ ಮನೆಯೂ ಸಾರ್ವಜನಿಕರಿಗೆ ತೆರೆಯಿತು. ಗ್ರಿಜ್ಜಾನಾ ಊರಿಗೆ 1985ರಲ್ಲಿಯೇ ‘ಗ್ರಿಜ್ಜಾನಾ ಮೊರಾಂಡಿ’ ಎಂದು ಹೆಸರಿಟ್ಟಿದ್ದರು. ಇಂಗ್ಲೆಂಡಿನ ಕಲಾವಿದೆ ಟಸೀಟಾ ಡೀನ್ 2009ರಲ್ಲಿ ಆ ಮನೆಗೆ ಹೋಗಿ ಚಲನಚಿತ್ರ ತೆಗೆದಳು. ಒಂದರಲ್ಲಿ ಆಕೆ ಬಾಟಲಿಗಳನ್ನೂ ಚಿತ್ರಗಳನ್ನೂ ಬಿಟ್ಟು, ಮೇಜಿನ ಮೇಲೆ ಹಾಸಿದ್ದ ಕಾಗದವನ್ನು ಮಾತ್ರ ತೋರಿಸಿದ್ದಾಳೆ. ಅದರ ತುಂಬ ವೃತ್ತಗಳು, ಅರ್ಧವೃತ್ತಗಳು, ಒಂದರ ಮೇಲೊಂದು ಬಿದ್ದ ಪೆನ್ಸಿಲಿನ ಗೆರೆಗಳು. ಯಾವ ಗುರುತು ಯಾವ ಬಟ್ಟಲಿನದು, ಯಾವ ವರ್ಷದ್ದು ಎಂದು ಬಿಡಿಸಿ ಹೇಳಲು ಬಾರದಷ್ಟು.